ಲಿಂಕನ್ನರ ಚುನಾವಣೆ, ಧಾರವಾಡದ ಹತ್ತಿ

1864ರ ನವೆಂಬರ್ 8ರಂದು ಅಮೆರಿಕದಲ್ಲಿ ನಡೆದ ಅಧ್ಯಕ್ಷ ಚುನಾವಣೆಯನ್ನು ಕನ್ನಡ ನಾಡಿನ ಚರಿತ್ರೆಯೊಳಗೂ ಸೇರಿಸಿ ಹೇಳಬೇಕು ಎಂದರೆ ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಅಬ್ರಹಾಂ ಲಿಂಕನ್ನರು ಎರಡನೆಯ ಬಾರಿ ಆರಿಸಿ ಬಂದ ಆ ಚುನಾವಣೆಯಲ್ಲಿ ನಮ್ಮವರ ಪೈಕಿ ಮತ ಹಾಕಿದವರು ಯಾರೂ ಇಲ್ಲ. ಆದರೆ ಅದರ ಲಾಭನಷ್ಟದಲ್ಲಿ ಪಾಲು ಪಡೆದವರು ಇದ್ದರು. ಅವರ ಮಾತನ್ನೇ ಈ ಹೊತ್ತು ನಾನು ಹೇಳಹೊರಟಿದ್ದೇನೆ.

ನಾನು ಕಳ್ಳಂಬೆಳ್ಳದವನು. ನಮ್ಮದು ಕೆಮ್ಮಣ್ಣಿನ ಸೀಮೆ. ದೊಡ್ಡ ಕೆರೆಯ ಆಸರೆಯಲ್ಲಿ ತೆಂಗು, ಅದರಾಚೆಗೆ ರಾಗಿ, ಕಡಲೆಕಾಯಿ. ನಮ್ಮೂರ ಬದಿಯ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟವನಿಗೆ ಶಿರಾ, ಹಿರಿಯೂರು ದಾಟಿದಂತೆ ಅಲ್ಲಲ್ಲಿ ನೆಲ ಕಪ್ಪಾಗುವುದು ಕಾಣಿಸುತ್ತದೆ. ಹುಬ್ಬಳ್ಳಿಯಿಂದ ಗದಗಿನತ್ತ ತಿರುಗಿದರಂತೂ ಕಣ್ಣು ಹಾಯುವಷ್ಟೂ ಎರೆಭೂಮಿ. ಈ ಎರೆಯ ಮೇಲೆ ಪರಂಪರೆಯಿಂದ ಬೆಳೆಯುತ್ತಿದ್ದ ಗಿಡ್ಡ ಎಳೆಯ ಹತ್ತಿ ಕುಮಟೆಯ ಬಂದರಿನಿಂದ ಮುಂಬಯಿಗೆ ಹೋಗುತ್ತಿದ್ದುದರಿಂದ ಇಂಗ್ಲಿಷ್ ವರ್ತಕರು ಅದಕ್ಕೆ ಊರಿನ ಹೆಸರನ್ನೇ ಇಟ್ಟು ‘ಕೂಂಪ್ಟಾ’ ಎಂದರು. ಇದರ ಜೊತೆಗೆ ಇನ್ನೊಂದು ಜಾತಿಯೂ ಬಂತು. 1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕದ ತೋಟಗಾರರನ್ನು ಕರೆಸಿ ಇಲ್ಲಿ ನ್ಯೂ ಆರ್ಲಿಯನ್ಸ್ ಬೀಜವನ್ನು ಬಿತ್ತಿಸಿತು. ದೇಶದ ಬೇರೆ ಕಡೆಗಳಲ್ಲಿ ಸೋತ ಆ ಪ್ರಯೋಗ ಧಾರವಾಡದಲ್ಲಿ ಗೆದ್ದಿತು. ‘ಧಾರವಾಡ ಅಮೆರಿಕನ್’ ಎಂದು ಹೆಸರು ಪಡೆದ ಆ ಹತ್ತಿಯ ತವರು ಮಿಸಿಸಿಪ್ಪಿ ನದಿಯ ಬಯಲು. ಅಲ್ಲಿ ಅದನ್ನು ಬೆಳೆಯುತ್ತಿದ್ದವರು ಗುಲಾಮರು. ಒಂದೇ ಬೀಜ ಅಲ್ಲಿ ಗುಲಾಮನ ಕೈಯಲ್ಲಿ, ಇಲ್ಲಿ ಸಾವಕಾರನ ಮುಂಗಡ ಪಡೆದ ಒಕ್ಕಲಿಗನ ಕೈಯಲ್ಲಿ.

1861ರ ಏಪ್ರಿಲ್‌ನಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಯಿತು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುತ್ತಿತು. ಲ್ಯಾಂಕಶೈರಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಮುಕ್ಕಾಲು ಪಾಲಿಗೂ ಮೀರಿ ಅಲ್ಲಿಂದಲೇ ಬರುತ್ತಿದ್ದುದರಿಂದ ಗಿರಣಿಗಳು ನಿಂತವು, ಕೂಲಿಗಳು ಉಪವಾಸ ಬಿದ್ದರು. ಲಿವರ್‌ಪೂಲಿನಲ್ಲಿ ಪೌಂಡಿಗೆ ಏಳೆಂಟು ಪೆನ್ನಿ ಇದ್ದ ಅಮೆರಿಕದ ಹತ್ತಿ 1864ರ ಬೇಸಗೆಗೆ ಮೂವತ್ತರ ಆಸುಪಾಸಿಗೆ ಏರಿತು. ನಮ್ಮ ಹತ್ತಿಯೂ ಅದರ ಬೆನ್ನಿಗೇ ಏರಿತು. ಘಟ್ಟದ ದಾರಿಗಳಲ್ಲಿ ಬಂಡಿಗಳೂ ಹೇರೆತ್ತುಗಳೂ ಸಾಲುಗಟ್ಟಿದವು. ಹತ್ತಿಯ ಬಂದರನ್ನು ಮುಂಬಯಿ ಸರಕಾರದ ಕೈಕೆಳಗೆ ತರಬೇಕೆಂದೇ 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ನಮ್ಮ ಜಿಲ್ಲೆಯೊಂದರ ಎಲ್ಲೆ ಹೀಗೆ ಬದಲಾದುದರ ಹಿಂದೆ ವರ್ಜೀನಿಯದ ತೋಪುಗಳ ಸದ್ದಿತ್ತು. ಧಾರಣೆ ಏರಿದಾಗ ಬೆರಕೆಯೂ ಏರುವುದು ಲೋಕದ ರೂಢಿ. ಅರಳೆಯಲ್ಲಿ ಕಾಳು, ಮಣ್ಣು, ನೀರು ಸೇರಿಸುವುದನ್ನು ತಡೆಯಲು 1863ರಲ್ಲಿ ಮುಂಬಯಿಯವರು ಒಂದು ಕಾಯಿದೆಯನ್ನೇ ಮಾಡಬೇಕಾಯಿತು.

ಇನ್ನು ಚುನಾವಣೆಯ ಮಾತು. 1864ರ ಬೇಸಗೆಯಲ್ಲಿ ಲಿಂಕನ್ನರು ಗೆಲ್ಲುವರೆಂದು ಅವರ ಪಕ್ಷದ ಮುಖಂಡರೇ ನಂಬಿರಲಿಲ್ಲ. ಗ್ರಾಂಟನ ಸೈನ್ಯ ವರ್ಜೀನಿಯದಲ್ಲಿ ಹೆಣಗಳ ರಾಶಿಯ ಮೇಲೆ ತೆವಳುತ್ತಿತ್ತು. ಜುಲೈನಲ್ಲಿ ಇನ್ನೂ 5 ಲಕ್ಷ ಜನ ಸೈನ್ಯಕ್ಕೆ ಬೇಕೆಂಬ ಕರೆ ಹೊರಟಿತು. ಮತ ಕೇಳುವ ಕಾಲದಲ್ಲಿ ಮನೆಮನೆಯ ಮಗನನ್ನು ಕೇಳುವುದೆಂದರೆ ಅದೆಂಥ ಪ್ರಚಾರ! ಹೊಳೆ ದಾಟುವಾಗ ನಡುನೀರಿನಲ್ಲಿ ಕುದುರೆ ಬದಲಿಸಬಾರದು ಎಂದು ಲಿಂಕನ್ನರು ಹಿಂದೊಮ್ಮೆ ಆಡಿದ ಮಾತು ಪ್ರಚಾರದ ಘೋಷಣೆಯಾಯಿತಾದರೂ, ಜನಕ್ಕೆ ಬೇಕಾಗಿದ್ದುದು ದಡ. ಎದುರಾಳಿ ಮೆಕ್ಲೆಲನ್, ಲಿಂಕನ್ನರೇ 1862ರಲ್ಲಿ ದಂಡನಾಯಕತ್ವದಿಂದ ಇಳಿಸಿದ ಸೇನಾನಿ. ಆಗಸ್ಟ್ ಕೊನೆಯಲ್ಲಿ ಷಿಕಾಗೋದಲ್ಲಿ ಸೇರಿದ ಡೆಮಾಕ್ರಟಿಕ್ ಪಕ್ಷ ಯುದ್ಧ ವಿಫಲವಾಯಿತೆಂದೂ ಕಾದಾಟ ನಿಲ್ಲಬೇಕೆಂದೂ ಠರಾವು ಮಾಡಿ, ಅದೇ ಕೈಯಲ್ಲಿ ಒಬ್ಬ ಯೋಧನನ್ನು ಅಭ್ಯರ್ಥಿಯಾಗಿ ನಿಲ್ಲಿಸಿತು. ಆತ ಉಮೇದುವಾರಿಕೆಯನ್ನು ಒಪ್ಪಿ ಶಾಂತಿಯ ಠರಾವನ್ನು ತಳ್ಳಿಹಾಕಿದ. ಅಭ್ಯರ್ಥಿ ಒಂದು ದಿಕ್ಕಿಗೆ, ಪ್ರಣಾಳಿಕೆ ಇನ್ನೊಂದು ದಿಕ್ಕಿಗೆ! ನಮ್ಮ ರಾಜಕೀಯವನ್ನು ಬಲ್ಲವರಿಗೆ ಇದೇನೂ ಹೊಸದಲ್ಲ.

ಪ್ರಚಾರವೂ ಕೊಳಕಾಗಿಯೇ ನಡೆಯಿತು. ಬಿಳಿಯರೂ ಕರಿಯರೂ ಬೆರೆತು ಮದುವೆಯಾಗುವುದನ್ನು ಹೊಗಳಿದ ಹೊತ್ತಗೆಯೊಂದು ಲಿಂಕನ್ನರ ಕಡೆಯವರು ಬರೆದಂತೆ ಹೊರಬಂದಿತ್ತು. ಬರೆದವರು ವಿರೋಧಪಕ್ಷದ ಪತ್ರಿಕೆಯೊಂದರವರು ಎಂಬುದು ಆಮೇಲೆ ಬಯಲಾಯಿತು. ಈ ಪಕ್ಷದವರೂ ಕಡಿಮೆಯಲ್ಲ. ಶಾಂತಿ ಎಂದವನನ್ನೆಲ್ಲ ದ್ರೋಹಿ ಎಂದು ಕರೆದರು. ಈ ಕೆಸರಿನ ನಡುವೆ ಲಿಂಕನ್ನರ ಮುಂದೆ ಇದ್ದ ಒಂದು ಪ್ರಶ್ನೆಯನ್ನು ಮರೆಯಬಾರದು. ಗುಲಾಮರ ಬಿಡುಗಡೆಯ ಷರತ್ತನ್ನು ಕೈಬಿಟ್ಟರೆ ಸಂಧಿಯ ಮಾತು ಸುಲಭವಾಗುತ್ತದೆ, ಮತಗಳೂ ಬರುತ್ತವೆ ಎಂದು ಆಪ್ತರೇ ಒತ್ತಾಯಿಸುತ್ತಿದ್ದರು. ಆ ಹೊತ್ತಿಗೆ ಲಕ್ಷಕ್ಕೂ ಮಿಗಿಲಾಗಿ ಕರಿಯರು ಉತ್ತರದ ಸೈನ್ಯದಲ್ಲಿ ಹೋರಾಡುತ್ತಿದ್ದರು. ಅವರಿಗೆ ಕೊಟ್ಟ ಮಾತನ್ನು ಲಿಂಕನ್ನರು ಮುರಿಯಲಿಲ್ಲ. ಆಗಸ್ಟ್ 23ರಂದು ತಾವು ಸೋಲುವುದೇ ಸಂಭವವೆಂದೂ, ಸೋತರೆ ಹೊಸ ಅಧ್ಯಕ್ಷರೊಡನೆ ಸಹಕರಿಸಿ ಅವರು ಅಧಿಕಾರಕ್ಕೆ ಬರುವ ಮೊದಲು ಒಕ್ಕೂಟವನ್ನು ಉಳಿಸಬೇಕೆಂದೂ ಬರೆದು, ಒಳಗಿನ ಒಕ್ಕಣೆ ತೋರಿಸದೆ ಮಂತ್ರಿಗಳಿಂದ ಸಹಿ ಹಾಕಿಸಿ ಇಟ್ಟುಕೊಂಡರು. ಚುನಾವಣೆಯನ್ನು ಮುಂದೂಡುವ ಯೋಚನೆ ಆ ಕಾಗದದಲ್ಲಿ ಇಲ್ಲ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ ಹತ್ತು ವರ್ಷ ಚುನಾವಣೆಯಿಲ್ಲದೆ ನಡೆಯಿತು. ರಣರಂಗದಲ್ಲಿ ಗುಂಡು ಹಾರದಿದ್ದ 1976ರಲ್ಲಿ ನಮ್ಮ ಲೋಕಸಭೆಯ ಅವಧಿ ಬೆಳೆಯಿತು. ದೇಶವೇ ಎರಡಾಗಿ ಸೀಳಿದ್ದಾಗ ಲಿಂಕನ್ನರು ಮತಪೆಟ್ಟಿಗೆಯ ಮುಂದೆ ಹೋಗಿ ನಿಂತರು.

ಈಗ ಧಾರವಾಡಕ್ಕೆ ಬರೋಣ. ಎರೆಯ ಹತ್ತಿ ಬಿತ್ತುವುದು ಆಗಸ್ಟ್-ಸೆಪ್ಟೆಂಬರಿನಲ್ಲಿ, ಬಿಡಿಸುವುದು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ. ಅಂದರೆ ಷಿಕಾಗೋದಲ್ಲಿ ಶಾಂತಿಯ ಠರಾವು ಆಗುತ್ತಿದ್ದಾಗ ಇಲ್ಲಿ ಕೂರಿಗೆ ಕಟ್ಟಿದ್ದರು. ಅದೇ ಶಾಂತಿಯ ವದಂತಿ ಸೆಪ್ಟೆಂಬರಿನಲ್ಲಿ ಲಿವರ್‌ಪೂಲನ್ನು ತಲ್ಲಣಗೊಳಿಸಿತು. ಧಾರಣೆ ಕುಸಿಯಿತು, ವ್ಯಾಪಾರಿಗಳು ದಿವಾಳಿಯಾದರು. ಅಟ್ಲಾಂಟಿಕ್ ಸಾಗರದಡಿಯ ತಂತಿ ಇನ್ನೂ ಬಂದಿರಲಿಲ್ಲ. ಸುದ್ದಿ ಹಡಗಿನಲ್ಲಿ ಇಂಗ್ಲೆಂಡಿಗೆ, ಅಲ್ಲಿಂದ ಸೂಯೆಜ್ ಮೇಲೆ ಮತ್ತೆ ಹಡಗಿನಲ್ಲಿ ಮುಂಬಯಿಗೆ ಬರಲು ವಾರಗಳೇ ಹಿಡಿಯುತ್ತಿದ್ದುವು. ಬೀಜ ಮಣ್ಣಿಗೆ ಬಿದ್ದಾಗಿತ್ತು, ಮುಂಗಡ ಪಡೆದಾಗಿತ್ತು.

ಇಲ್ಲಿ ಒಂದು ಕಹಿಯಾದ ಮಾತನ್ನು ಹೇಳದೆ ನಿರ್ವಾಹವಿಲ್ಲ. ಕುಮಟೆಯ ಅಡತಿಯವನಿಗೂ ಮುಂಬಯಿಯ ಸಟ್ಟಾ ವ್ಯಾಪಾರಿಗೂ ಬೇಕಾಗಿದ್ದುದು ಲಿಂಕನ್ನರ ಗೆಲುವು. ಅದು ಗುಲಾಮರ ಮೇಲಿನ ಮರುಕದಿಂದಲ್ಲ, ಯುದ್ಧ ಮುಂದುವರಿಯಲೆಂದು. ಯುದ್ಧಕ್ಕೆ ಮುನ್ನ ಸುಮಾರು 40 ಲಕ್ಷ ಜನರಿದ್ದ ಗುಲಾಮಗಿರಿಯನ್ನು ಕೊನೆಗಾಣಿಸುವ ಸಂಕಲ್ಪವೂ, ಸಾವಿನ ಮೇಲೆ ಲಾಭ ಎಣಿಸುವ ಆಸೆಯೂ ಒಬ್ಬನೇ ಅಭ್ಯರ್ಥಿಯ ಹಿಂದೆ ನಿಂತಿದ್ದುವು. ಶಾಂತಿಯ ಪಕ್ಷವಾದರೋ ಆ ಜನರನ್ನು ಸಂಕೋಲೆಯಲ್ಲೇ ಬಿಟ್ಟು ಶಾಂತಿ ತರಲು ಸಿದ್ಧವಾಗಿತ್ತು. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ನಾನು ಲಿಂಕನ್ನರ ಕಡೆಯವನೇ. ಆದರೆ ಆ ಮತಕ್ಕೆ ತೆತ್ತ ಬೆಲೆ ನನ್ನದಾಗಿರಲಿಲ್ಲ. ತೆತ್ತವರು ಸೈನಿಕರು, ಶಿಬಿರಗಳಲ್ಲಿಯೇ ಮತ ಹಾಕಿದ ಅವರಲ್ಲಿ ನಾಲ್ವರಲ್ಲಿ ಮೂವರಿಗೆ ಕಡಿಮೆಯಿಲ್ಲದಂತೆ ಲಿಂಕನ್ನರನ್ನು, ಅಂದರೆ ತಮ್ಮ ಕಾದಾಟವನ್ನು, ಬೆಂಬಲಿಸಿದರು. ಸೆಪ್ಟೆಂಬರ್ 2ರಂದು ಅಟ್ಲಾಂಟಾ ಶೆರ್ಮನ್ನನ ವಶವಾದುದು ಉಳಿದವರ ಮನಸ್ಸನ್ನು ತಿರುಗಿಸಿತ್ತು. ಸುಮಾರು 22 ಲಕ್ಷ ಮತಗಳು ಲಿಂಕನ್ನರಿಗೆ, 18 ಲಕ್ಷ ಮೆಕ್ಲೆಲನ್‌ಗೆ. ಚುನಾಯಕರ ಲೆಕ್ಕದಲ್ಲಿ 212ಕ್ಕೆ 21.

ಲಿಂಕನ್ನರು ಗೆದ್ದದ್ದರಿಂದ ಯುದ್ಧ ಬೆಳೆಯುವುದೆಂದು ಎಣಿಸಿದವರ ಲೆಕ್ಕ ತಪ್ಪಿತು. ಗೆಲುವು ಯುದ್ಧವನ್ನು ಬೇಗ ಮುಗಿಸಿತು. 1865ರ ಏಪ್ರಿಲ್ 9ರಂದು ಲೀ ಶರಣಾದ; 14ರ ರಾತ್ರಿ ಲಿಂಕನ್ನರಿಗೆ ಗುಂಡೇಟು ಬಿತ್ತು. ಚುನಾವಣೆಯ ಕಾಲಕ್ಕೆ ಬಿತ್ತಿದ ಹತ್ತಿ ಆಗ ಹೊಲದಿಂದ ಮನೆಗೆ, ಮನೆಯಿಂದ ಘಟ್ಟದ ದಾರಿಗೆ ಬರುತ್ತಿತ್ತು. ಲಿವರ್‌ಪೂಲಿನ ಧಾರಣೆ ಹಿಂದಿನ ಬೇಸಗೆಯದರ ಅರ್ಧಕ್ಕೆ ಇಳಿದಿತ್ತು. ಜುಲೈ 1ರಂದು ಮುಂಬಯಿಯ ಷೇರುಪೇಟೆಯ ಕರಾರುಗಳು ಮುಗಿಯುವ ಗಡುವಿನಲ್ಲಿ ಪ್ರೇಮಚಂದ ರಾಯಚಂದರಂಥ ಕುಬೇರರೂ ಉರುಳಿದರು. ಮುಂಬಯಿ ಬ್ಯಾಂಕು ಮುಂದೆ ಬಾಗಿಲು ಹಾಕಿತು. ಇವರ ಕತೆಯನ್ನು ಬರೆದವರು ಬಹಳ ಮಂದಿ. ಗದಗು, ನವಲಗುಂದಗಳ ಕಡೆಯ ಒಕ್ಕಲಿಗ ಏರಿದ ಧಾರಣೆಯ ಲೆಕ್ಕದಲ್ಲಿ ಎತ್ತಿದ ಸಾಲವನ್ನು ಇಳಿದ ಧಾರಣೆಯಲ್ಲಿ ತೀರಿಸಬೇಕಾಯಿತು; ಅವನ ಹೆಸರಿನಲ್ಲಿ ಉಳಿದಿರುವುದು ಸಾವಕಾರನ ಖಾತೆ ಮಾತ್ರ.

1880ರ ದಶಕದಲ್ಲಿ ರೈಲು ಹುಬ್ಬಳ್ಳಿ, ಗದಗುಗಳಿಗೆ ಬಂದು ಹತ್ತಿ ಮರ್ಮಗೋವಾದ ದಾರಿ ಹಿಡಿದ ಮೇಲೆ ಕುಮಟೆಯ ಬಂದರಿನಲ್ಲಿ ಅಂಡಿಗೆಗಳ ಸದ್ದು ಅಡಗುತ್ತ ಬಂತು. ಊರಿನ ಹೆಸರು ಮಾತ್ರ, ಕುಮಟೆಯನ್ನು ಎಂದೂ ಕಾಣದ ಲಿವರ್‌ಪೂಲಿನ ದಲ್ಲಾಳಿಗಳ ಧಾರಣೆಪಟ್ಟಿಯಲ್ಲಿ ಇನ್ನೂ ಬಹುಕಾಲ ಉಳಿದಿತ್ತು.