ಗರಸು ದಾರಿಯ ಸೈಕಲ್ ಸವಾರಿ: ಕೂಡ್ಲಿಗಿಯಿಂದ ಹೂವಿನಹಡಗಲಿಯವರೆಗೆ

ಗುಡ್ಡ, ಕಾಡು, ಹೊಲಗಳ ನಡುವಿನ ಡಾಂಬರಿಲ್ಲದ ದಾರಿಯಲ್ಲಿ, ಲಾರಿ ಕಾರುಗಳ ಕಾಟವಿಲ್ಲದೆ ದಿನವಿಡೀ ಸೈಕಲ್ ತುಳಿಯುವುದಕ್ಕೆ ಹೊರದೇಶಗಳಲ್ಲಿ ‘ಗ್ರಾವೆಲ್ ಬೈಕಿಂಗ್’ ಎಂಬ ಹೆಸರಿದೆ. ಗ್ರಾವೆಲ್ ಎಂದರೆ ನಮ್ಮ ಗರಸು. ಮನೆಯ ಬುನಾದಿಗೆ, ಕಣಕ್ಕೆ, ಊರ ದಾರಿಯ ಗುಂಡಿಗೆ ಟ್ರ್ಯಾಕ್ಟರ್‌ಗಟ್ಟಲೆ ಹೊಡೆಸುವ ಆ ಕೆಂಪು ಮಣ್ಣು ಈ ಸೀಮೆಯಲ್ಲಿ ಯಾರಿಗೂ ಹೊಸದಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಈ ಐದೂ 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಯ ತಾಲೂಕುಗಳು. ಹಂಪಿಗೆ ಬಂದವರು ಹೊಸಪೇಟೆಯಿಂದಲೇ ಹಿಂದಿರುಗುತ್ತಾರೆ. ಅದರ ದಕ್ಷಿಣಕ್ಕೂ ಪಶ್ಚಿಮಕ್ಕೂ ಹರಡಿರುವ ಈ ಬಯಲಿನಲ್ಲಿ ಗರಸು ದಾರಿಗಳ ಒಂದು ದೊಡ್ಡ ಬಲೆಯೇ ಇದೆ.

ಆದರೆ ಒಂದು ಮಾತು ಮೊದಲೇ ಹೇಳಬೇಕು. ಇಲ್ಲಿ ಸೈಕಲ್ಲಿಗೆ ಒದಗುವ ದಾರಿಗಳು ಇರುವುದು ರಕ್ಷಿತ ಕಾಡಿನ ಒಳಗಲ್ಲ, ಕಾಡಿನ ಅಂಚಿನಲ್ಲಿ, ರೈತರ, ಕುರಿಗಾರರ ಓಡಾಟದ ಜಾಗದಲ್ಲಿ. ಈ ಬಗೆಯ ಸವಾರಿಯನ್ನು ಅರ್ಥ ಮಾಡಿಕೊಳ್ಳುವಾಗ ಇದು ನೆನಪಿರಬೇಕು.

ಹೊರಗಿನ ಹೆಸರು, ಒಳಗಿನ ಸೈಕಲ್ಲು

ಇಟಲಿಯ ಟಸ್ಕನಿಯಲ್ಲಿ ಬಿಳಿ ಮಣ್ಣಿನ ಹಳೆಯ ದಾರಿಗಳು ಡಾಂಬರಿನಡಿ ಮುಚ್ಚಿಹೋಗದಿರಲೆಂದು 1997ರಲ್ಲಿ ‘ಲೆರೋಯಿಕಾ’ ಎಂಬ ಸವಾರಿ ಆರಂಭವಾಯಿತು. ಅಮೆರಿಕದ ಕ್ಯಾನ್ಸಸ್ ರಾಜ್ಯದ ಎಂಪೋರಿಯಾ ಊರಿನ ಸುತ್ತಲ ಹುಲ್ಲುಗಾವಲುಗಳಲ್ಲಿ 200 ಮೈಲಿಯ, ಅಂದರೆ ಸುಮಾರು 320 ಕಿ.ಮೀ. ಓಟ ನಡೆಯತೊಡಗಿದ್ದು 2006ರಲ್ಲಿ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಇದಕ್ಕೆಂದೇ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಸಿದ್ದು 2022ರಲ್ಲಿ, ಇಟಲಿಯ ವೆನೆಟೊದಲ್ಲಿ.

ಗ್ರಾವೆಲ್ ಸೈಕಲ್ಲು ಎಂದರೆ ಓಟದ ಸೈಕಲ್ಲಿನ ಬಾಗಿದ ಹ್ಯಾಂಡಲ್ಲು, ಸ್ವಲ್ಪ ಉದ್ದದ ಮೈಕಟ್ಟು, 35ರಿಂದ 50 ಮಿ.ಮೀ. ಅಗಲದ ಟೈರು. ಅಗಲದ ಟೈರಿನಲ್ಲಿ ಗಾಳಿ ಕಡಿಮೆ ಇಟ್ಟರೂ ನಡೆಯುತ್ತದೆ, ಸಣ್ಣ ಕಲ್ಲಿನ ಏಟನ್ನು ಟೈರೇ ನುಂಗಿಕೊಳ್ಳುತ್ತದೆ. ಸಂತೆಗೆ, ಹೊಲಕ್ಕೆ, ಹಾಲು ಹಾಕಲು ಹಳ್ಳಿಗರು ದಶಕಗಳ ಕಾಲ ತುಳಿದ ಕರಿಯ ಉಕ್ಕಿನ ಸೈಕಲ್ಲಿನ ‘28 ಇಂಟು ಒಂದೂವರೆ’ ಟೈರಿನ ಅಗಲ ಎಷ್ಟು ಗೊತ್ತೆ? ಸುಮಾರು 40 ಮಿ.ಮೀ. ಇಂದು ದುಬಾರಿ ಸೈಕಲ್ಲಿಗೆ ಆರಿಸಿ ಹಾಕುವ ಅಳತೆಯೇ ಅದು. ಕ್ಯಾರಿಯರ್ ಮೇಲೆ ಮೂಟೆ ಕಟ್ಟಿಕೊಂಡು ಬಂಡಿದಾರಿಯಲ್ಲಿ ಬಂದ ನಮ್ಮ ಹಿರಿಯರಿಗೆ ಈ ವಿದ್ಯೆ ಕರಗತವಾಗಿತ್ತು ಎಂದು ಗೌರವದಿಂದಲೇ ನೆನೆಯಬೇಕು.

ಮಸಾರಿ, ಎರೆ

ಸವಾರಿಯ ಸುಖದುಃಖವನ್ನು ಇಲ್ಲಿ ತೀರ್ಮಾನಿಸುವುದು ನೆಲ. ಕೂಡ್ಲಿಗಿ ಭಾಗದ ಗುಡ್ಡಗಳು ಗ್ರಾನೈಟ್ ಜಾತಿಯ ಬಂಡೆಗಳವು. ಬಿಸಿಲು ಮಳೆಗೆ ಸವೆದು ಉದುರಿದ ಬಂಡೆ ದಪ್ಪ ಮರಳು, ಚಿಕ್ಕ ಹರಳು, ಕೆಂಪು ಮಣ್ಣಾಗಿ ಬುಡದಲ್ಲಿ ಕೂಡುತ್ತದೆ. ಇದೇ ಗರಸು, ಇದೇ ಮಸಾರಿ ನೆಲದ ತಾಯಿ. ಹರಳಿನ ನಡುವೆ ನೀರು ಬೇಗ ಇಂಗುವುದರಿಂದ ರಾತ್ರಿ ಮಳೆ ಬಿದ್ದರೂ ಬೆಳಗಿನ ಹೊತ್ತಿಗೆ ದಾರಿ ಗಟ್ಟಿಯಾಗಿರುತ್ತದೆ. ಒಂದು ಹದ ಮಳೆಯಾದ ಮರುದಿನದ ಮಸಾರಿ ದಾರಿಯಷ್ಟು ಒಳ್ಳೆಯ ದಾರಿ ಸೈಕಲ್ಲಿಗೆ ಬೇರೊಂದಿಲ್ಲ. ಧೂಳಿಲ್ಲ, ಜಾರಿಕೆಯಿಲ್ಲ, ಗಾಲಿಯಡಿ ಹರಳಿನ ಸದ್ದು ಮಾತ್ರ.

ಹೂವಿನಹಡಗಲಿ, ಹರಪನಹಳ್ಳಿ ಕಡೆಗೆ ಸರಿದಂತೆ ಎರೆ ಹೊಲಗಳು ಎದುರಾಗುತ್ತವೆ. ಎರೆಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚು. ಅದು ನೀರು ಕುಡಿದು ಉಬ್ಬುತ್ತದೆ, ಗಾಲಿಗೆ ಸುತ್ತಿಕೊಂಡು ಬ್ರೇಕಿನ ಬಳಿ ಗಂಟಾಗುತ್ತದೆ. ಹತ್ತು ಮಾರು ಹೋಗುವಷ್ಟರಲ್ಲಿ ಗಾಲಿ ತಿರುಗುವುದೇ ನಿಲ್ಲುತ್ತದೆ. ಆಗ ಸೈಕಲ್ಲನ್ನು ಹೆಗಲಿಗೇರಿಸುವುದೊಂದೇ ದಾರಿ. ಆದ್ದರಿಂದ ಮಳೆಗಾಲದಲ್ಲಿ ಮಸಾರಿ ಸೀಮೆ, ಮಳೆ ಹಿಂದೆಗೆದ ಮೇಲೆ ಎರೆ ಸೀಮೆ ಎಂದು ಲೆಕ್ಕ ಹಾಕಿಕೊಳ್ಳುವುದು ಕ್ಷೇಮ. ನವೆಂಬರಿನಿಂದ ಫೆಬ್ರುವರಿಯವರೆಗೆ ಎರಡೂ ಹದವಾಗಿರುತ್ತವೆ. ಆಷಾಢದ ಪಶ್ಚಿಮ ಗಾಳಿಗೆ ಎದುರಾಗಿ ಹಡಗಲಿ ಕಡೆಗೆ ತುಳಿಯುವವರು ಅರ್ಧ ವೇಗಕ್ಕೆ ಮನಸ್ಸನ್ನು ಒಗ್ಗಿಸಿಕೊಂಡಿರಬೇಕು.

ಯಾವ ದಾರಿ ಯಾರದು

ಡಾಂಬರಿಲ್ಲದ ದಾರಿಗಳೆಲ್ಲ ಒಂದೇ ಬಗೆಯವಲ್ಲ. ಊರಿಂದೂರಿಗೆ ಹೋಗುವ ಹಳೆಯ ಬಂಡಿದಾರಿಗಳು ಗ್ರಾಮ ನಕಾಶೆಯಲ್ಲೇ ಗುರುತಾಗಿರುತ್ತವೆ. ಹಳ್ಳಿಯ ಬಾಯಲ್ಲಿ ಇವು ‘ನಕಾಶೆ ದಾರಿ’. ಇಲ್ಲಿ ಯಾರೂ ಯಾರನ್ನೂ ತಡೆಯುವಂತಿಲ್ಲ. ಹೊಲದ ಬದುವಿನ ಮೇಲಿನ ದಾರಿ ಹಾಗಲ್ಲ, ಅದು ಅಕ್ಕಪಕ್ಕದ ರೈತರು ಹೊಂದಾಣಿಕೆಯಿಂದ ಉಳಿಸಿಕೊಂಡದ್ದು. ಬಿತ್ತನೆಯಾದ ಮೇಲೆ ಅದರ ಮೇಲೆ ಗಾಲಿ ಹರಿಸುವುದು ತಪ್ಪು. ಉದ್ಯೋಗ ಖಾತರಿಯ ಕೂಲಿಯಲ್ಲಿ ಹೊಲದ ದಾರಿಗಳಿಗೆ ಗರಸು ಬಿದ್ದದ್ದು ‘ನಮ್ಮ ಹೊಲ ನಮ್ಮ ದಾರಿ’ಯಂಥ ಯೋಜನೆಗಳಿಂದ. ಅವುಗಳಿಂದ ರೈತರಿಗೆ ಆದ ಅನುಕೂಲದ ಜೊತೆಗೆ ಸೈಕಲ್ಲಿಗೂ ಒಳ್ಳೆಯ ನೆಲ ಸಿಕ್ಕಿತು.

ಹರಪನಹಳ್ಳಿ ಸೀಮೆಯ ಗುಡ್ಡಗಳ ನೆತ್ತಿಗೆ ಗಾಳಿಯಂತ್ರಗಳಿಗಾಗಿ ಕಡಿದ ಅಗಲದ ಗರಸು ದಾರಿಗಳೂ ಇವೆ. ಮೇಲಿನಿಂದ ಕಾಣುವ ನೋಟ ಬೆವರಿಗೆ ತಕ್ಕ ಫಲ. ಆದರೆ ಅವು ಕಂಪನಿಗಳು ತಮ್ಮ ಕೆಲಸಕ್ಕೆ ಮಾಡಿಕೊಂಡ ದಾರಿಗಳು. ಕಾವಲುಗಾರರನ್ನು ಕೇಳಿಯೇ ಹತ್ತಬೇಕು.

ಕರಡಿಯ ಸೀಮೆ

ಕೂಡ್ಲಿಗಿ ತಾಲೂಕಿನ ಗುಡೇಕೋಟೆಯ ಸುತ್ತ ಬಂಡೆ ಮೇಲೆ ಬಂಡೆ ಪೇರಿಸಿದಂಥ ಗುಡ್ಡಗಳು. ಒನಕೆ ಓಬವ್ವನ ತವರೂರು ಎಂದು ಜನ ನೆನೆಯುವ ಊರು ಇದು. ಈ ಬಂಡೆಗಳ ಸಂದಿಯ ತಂಪಿನಲ್ಲಿ ಹಗಲೆಲ್ಲ ಮಲಗಿ ಸಂಜೆ ಹೊರಬೀಳುವುದು ಕರಡಿ. ಸಂಡೂರು–ಹೊಸಪೇಟೆ ಸೀಮೆಯ ದರೋಜಿ ಕರಡಿಧಾಮ 1994ರಲ್ಲಿ ಆಗಿತ್ತು. ಗುಡೇಕೋಟೆ ಕರಡಿಧಾಮ ಘೋಷಣೆಯಾದದ್ದು 2013ರಲ್ಲಿ, 38.48 ಚದರ ಕಿ.ಮೀ. ವ್ಯಾಪ್ತಿಯಲ್ಲಿ. ಮುಂದೆ ಅದು ಹಿಗ್ಗಿತು.

ಧಾಮದೊಳಗೆ ಸೈಕಲ್ಲು ಒಯ್ಯಬಹುದೇ? ಮನಸ್ಸು ಬಂದಂತೆ ಒಯ್ಯುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಮಿನ ಪ್ರಕಾರ ಅಭಯಾರಣ್ಯದೊಳಗೆ ಕಾಲಿಡಲು ಅಲ್ಲಿನ ನಿವಾಸಿಗಳು, ಕರ್ತವ್ಯದ ಮೇಲಿರುವ ನೌಕರರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಂಥ ಕೆಲವರಿಗೆ ಮಾತ್ರ ಅವಕಾಶ. ಉಳಿದವರಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಇದು ಸರಿಯಾದ ಕಟ್ಟಳೆ ಎಂದೇ ನನ್ನ ನಿಲುವು. ಯುರೋಪಿನ ನಿಸರ್ಗ ಉದ್ಯಾನಗಳಲ್ಲಿ ಸೈಕಲ್ಲಿಗೆಂದೇ ದಾರಿ ಬಿಟ್ಟಿರುವುದನ್ನು ಕಂಡು ಇಲ್ಲಿಯೂ ಹಾಗೆ ಮಾಡಬಾರದೇಕೆ ಎಂದು ಕೇಳುವವರಿದ್ದಾರೆ. ಕರಡಿ ಮಲಗುವ ಬಂಡೆಯ ಬದಿಗೇ ದಾರಿ ಬಿಡಲಾಗದು ಎಂಬುದೇ ಅದಕ್ಕೆ ಉತ್ತರ.

ಸೈಕಲ್ಲಿಗೂ ಕರಡಿಗೂ ನಡುವೆ ಇನ್ನೊಂದು ತೊಡಕಿದೆ. ಕರಡಿಯ ಮೂಗು ಬಲು ಚುರುಕು, ಕಣ್ಣು ಮಂದ. ಗೆದ್ದಲು ಅಗೆಯುತ್ತಲೋ ಬಾರೆಹಣ್ಣು ಮೆಲ್ಲುತ್ತಲೋ ಮೈಮರೆತಿರುವಾಗ ಸದ್ದಿಲ್ಲದೆ ಹತ್ತಿರ ಬಂದವರನ್ನು ಕಂಡು ಅದು ಬೆಚ್ಚಿ ಮೇಲೆ ಬೀಳುತ್ತದೆ. ಮೋಟಾರು ಬೈಕು ದೂರದಿಂದಲೇ ತನ್ನ ಬರವನ್ನು ಸಾರುತ್ತದೆ. ಸೈಕಲ್ಲು ಸದ್ದಿಲ್ಲದ ವಾಹನ. ಗುಡೇಕೋಟೆ, ಜರ್ಮಲಿ ಕಡೆಯ ಅಂಚಿನ ದಾರಿಗಳಲ್ಲಿ ತಿರುವಿಗೆ ಮುಂಚೆ ಬೆಲ್ಲು ಹೊಡೆಯುವುದು, ಜೋರಾಗಿ ಮಾತಾಡುತ್ತ ಗುಂಪಿನಲ್ಲಿ ಹೋಗುವುದು ಜೀವ ಉಳಿಸುವ ಅಭ್ಯಾಸ. ಬಿಸಿಲು ಚೆನ್ನಾಗಿ ಏರಿದ ಮೇಲೆ ಹೊರಟು, ಹೊತ್ತು ಇಳಿಯುವ ಮುಂಚೆ ಊರು ಸೇರಿಬಿಡಬೇಕು. ಹೊಲಕ್ಕೆ ಹೋಗುವ ಹೆಂಗಸರೂ ಕುರಿ ಕಾಯುವವರೂ ಪಾಲಿಸುವ ಹೊತ್ತು ಅದೇ. ಶೇಂಗಾ, ಮೆಕ್ಕೆಜೋಳ ಕೊಯ್ಲಿಗೆ ಬಂದ ಕಾಲದಲ್ಲಿ ಕರಡಿ ಹೊಲಕ್ಕೂ ಇಳಿಯುತ್ತದೆ. ಆಗ ಹಳ್ಳಿಯವರು “ಆ ಕಡಿ ಹೋಗ್ಬ್ಯಾಡ್ರಿ” ಎಂದರೆ ನಕಾಶೆ ಮಡಿಚಿಡಬೇಕು.

ಅಂಕಸಮುದ್ರದ ಏರಿ

ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ ಶತಮಾನಗಳ ಹಿಂದೆ ನೀರಾವರಿಗೆ ಕಟ್ಟಿದ ಕೆರೆ. 98.76 ಹೆಕ್ಟೇರಿನ ಈ ಕೆರೆ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು, ಜೌಗುನೆಲಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್‌ಗೆ ಸೇರಿದ್ದು 2024ರ ಜನವರಿ 31ರಂದು ಪ್ರಕಟವಾಯಿತು. ನೀರಿನ ನಡುವೆಯೇ ನಿಂತ ಕರಿಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆ, ಬಿಳಿ ಕೆಂಬರಲು, ನೀರುಕಾಗೆಗಳು ಗೂಡು ಕಟ್ಟುತ್ತವೆ. 30,000ಕ್ಕೂ ಹೆಚ್ಚು ನೀರುಹಕ್ಕಿಗಳು ಇಲ್ಲಿ ನೆಲೆಸುತ್ತವೆ ಎಂದು ರಾಮ್ಸಾರ್ ದಾಖಲೆ ಹೇಳುತ್ತದೆ. ಊರಿನವರು ಇವನ್ನು ತಮ್ಮವೆಂದು ಕಾಪಾಡಿದ್ದರಿಂದಲೇ ಈ ಮಾನ್ಯತೆ ಬಂದಿತು.

ಸವಾರರಿಗೆ ಇಲ್ಲಿ ಒಂದೇ ಸೂಚನೆ: ಸೈಕಲ್ಲನ್ನು ದೂರದಲ್ಲೇ ನಿಲ್ಲಿಸಿ ನಡೆದು ಹೋಗಿ. ಸಂಜೆ ಹಿಂಡುಹಿಂಡಾಗಿ ಹಕ್ಕಿಗಳು ಮರಕ್ಕೆ ಮರಳುವ ಹೊತ್ತಿನ ಗಲಾಟೆ ಕೇಳಿದವರು ಆ ದಿನವನ್ನು ಮರೆಯಲಾರರು.

ದಾರಿಬದಿಯ ಕಲ್ಲುಗಳು

ಕೂಡ್ಲಿಗಿ ತಾಲೂಕಿನ ಕುಮತಿಯಲ್ಲಿ ಬೃಹತ್ ಶಿಲಾ ಸಂಸ್ಕೃತಿಯ ಕಾಲದ ನಿಲುಗಲ್ಲುಗಳಿವೆ. ತಲೆ, ಹೆಗಲು ಕಾಣುವಂತೆ ಕತ್ತರಿಸಿದ ಅವು ದೂರಕ್ಕೆ ಮನುಷ್ಯರೇ ನಿಂತಂತೆ ತೋರುತ್ತವೆ. ಹರಪನಹಳ್ಳಿ ತಾಲೂಕಿನ ಬಾಗಳಿಯ ಕಲ್ಲೇಶ್ವರ ದೇಗುಲ ರಾಷ್ಟ್ರಕೂಟರಿಂದ ಕಲ್ಯಾಣ ಚಾಲುಕ್ಯರಿಗೆ ಆಳ್ವಿಕೆ ಕೈಬದಲಾದ ಹತ್ತನೇ ಶತಮಾನದ್ದು. ಅದೇ ತಾಲೂಕಿನ ಉಚ್ಚಂಗಿದುರ್ಗದ ಬೆಟ್ಟ ಬಯಲಲ್ಲಿ ಬಹುದೂರದಿಂದ ದಿಕ್ಕು ತೋರಿಸುತ್ತದೆ.

ಮುಳ್ಳು, ನೀರು, ನಾಯಿ

ಈ ಸೀಮೆಯ ನಿಜವಾದ ಶತ್ರು ಮುಳ್ಳು. ಹೆಸರಿನಲ್ಲೇ ಊರನ್ನು ಹೊತ್ತ ಬಳ್ಳಾರಿ ಜಾಲಿ ದಕ್ಷಿಣ ಅಮೆರಿಕದ ಕಡೆಯಿಂದ ಬಂದ ಗಿಡ. ಅದರ ಒಣಮುಳ್ಳು ಟೈರನ್ನಷ್ಟೇ ಅಲ್ಲ, ಚಪ್ಪಲಿಯನ್ನೂ ದಾಟುತ್ತದೆ. ನೆಲಕ್ಕಂಟಿ ಬೆಳೆಯುವ ನೆಗ್ಗಿಲು ಕಣ್ಣಿಗೇ ಬೀಳದು. ಟ್ಯೂಬಿಲ್ಲದ ಟೈರಿನೊಳಗೆ ತೂತು ಮುಚ್ಚುವ ದ್ರವ ಸುರಿದುಕೊಂಡರೆ ಅರ್ಧ ತೊಂದರೆ ಕಳೆಯುತ್ತದೆ. ಟ್ಯೂಬಿನ ಸೈಕಲ್ಲಾದರೆ ಎರಡು ಟ್ಯೂಬು, ಪಂಪು, ಪ್ಯಾಚು ಇಲ್ಲದೆ ಊರು ಬಿಡಬಾರದು.

ಮಾರ್ಚ್ ಕಳೆದರೆ ಹಳ್ಳಗಳು ಒಣಗಿರುತ್ತವೆ. ಮೂರು ನಾಲ್ಕು ಲೀಟರ್ ನೀರು ಬೆನ್ನಿಗಿರಲಿ. ಹೊಟ್ಟೆಗೆ ಚಿಂತೆಯಿಲ್ಲ, ದೊಡ್ಡ ಊರಿನ ಬಸ್ ಸ್ಟ್ಯಾಂಡಿನ ಬಳಿಯೆಲ್ಲ ಮಂಡಕ್ಕಿ ಒಗ್ಗರಣೆ, ಮಿರ್ಚಿ ಸಿಗುತ್ತವೆ. ಕುರಿಹಟ್ಟಿಯ ನಾಯಿಗಳು ಓಡುವ ಗಾಲಿಯನ್ನು ಅಟ್ಟುತ್ತವೆ. ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆದರೆ ಸುಮ್ಮನಾಗುತ್ತವೆ. ಮ್ಯಾಸಬೇಡ ಸಮುದಾಯದವರು ದೇವರಿಗೆ ಬಿಟ್ಟ ಎತ್ತುಗಳ ಹಿಂಡು ಎದುರಾದರೆ ಬದಿಗೆ ನಿಂತು ದಾರಿ ಬಿಡಿ. ಅವು ಆ ಜನರಿಗೆ ದೇವರೇ.

ಮಾಘದ ಗಾಲಿ ಗುರುತು

ಬಂಡಿದಾರಿ ಉಳಿಯುವುದು ಬಳಕೆಯಿಂದ. ಎತ್ತಿನ ಬಂಡಿ ಕಡಿಮೆಯಾಗಿ ಟ್ರ್ಯಾಕ್ಟರು ಡಾಂಬರು ಹಿಡಿದ ಮೇಲೆ ಎಷ್ಟೋ ದಾರಿಗಳು ನಕಾಶೆಯಲ್ಲಿ ಮಾತ್ರ ಉಳಿದಿವೆ. ಎರಡು ಮಳೆಗಾಲ ಯಾರೂ ಓಡಾಡದಿದ್ದರೆ ಜಾಲಿ ಎರಡೂ ಬದಿಯಿಂದ ಬಾಗಿ ದಾರಿಯನ್ನು ಮುಚ್ಚುತ್ತದೆ. ಕೆಲವು ಕಡೆ ಹೊಲಗಳೇ ಅದನ್ನು ನುಂಗಿವೆ. ಆದರೆ ಪ್ರತಿ ವರ್ಷ ಭರತ ಹುಣ್ಣಿಮೆಯ ಆಸುಪಾಸಿನಲ್ಲಿ ಹಡಗಲಿ ತಾಲೂಕಿನ ಮೈಲಾರದ ಜಾತ್ರೆಗೆ ಬಂಡಿ ಕಟ್ಟಿಕೊಂಡು ಬರುವ ಕುಟುಂಬಗಳು ಇನ್ನೂ ಇವೆ. ಅದೇ ಮಾಘದಲ್ಲಿ ಕೊಟ್ಟೂರಿನ ಗುರುಬಸವೇಶ್ವರನ ತೇರಿಗೆ ಊರೂರುಗಳಿಂದ ಕಾಲ್ನಡಿಗೆಯಲ್ಲಿ ಜನ ಬರುತ್ತಾರೆ. ಆ ದಿನಗಳಲ್ಲಿ ಮಣ್ಣಿನ ಮೇಲೆ ಕಬ್ಬಿಣದ ಪಟ್ಟಿಯ ಹಸಿ ಗುರುತು, ಎತ್ತಿನ ಗೊರಸು, ಬರಿಗಾಲ ಹೆಜ್ಜೆ ಒಟ್ಟಿಗೇ ಕಾಣುತ್ತವೆ. ಮೊಬೈಲಿನ ನಕ್ಷೆ ತೋರಿಸದ ಎಷ್ಟೋ ದಾರಿಗಳನ್ನು ನಾನು ಕಂಡುಕೊಂಡದ್ದು ಆ ಗುರುತುಗಳ ಬೆನ್ನು ಹಿಡಿದೇ.