ಕಾರ್ಖಾನೆಯ ರಿವಾಲ್ವರ್ ಕೈಗೆ ಹೊಂದದಿದ್ದರೆ ಏನು ಮಾಡಬೇಕು? ಬದಲಿಸಬಹುದಾದದ್ದು, ಮುಟ್ಟಲೇಬಾರದ್ದು

ಅಂಗಡಿಯಿಂದ ತಂದ ಹೊಸ ಚಪ್ಪಲಿ ಎಲ್ಲರ ಕಾಲಿಗೂ ಒಂದೇ ರೀತಿ ಕೂರುವುದಿಲ್ಲ. ಕಾರ್ಖಾನೆಯಿಂದ ಬರುವ ರಿವಾಲ್ವರ್ ಅಥವಾ ಪಿಸ್ತೂಲಿನ ಕಥೆಯೂ ಅಷ್ಟೇ. ಅದನ್ನು ಯಾರೋ ಒಬ್ಬರ ಕೈಗೆಂದು ಅಳೆದು ಮಾಡಿರುವುದಿಲ್ಲ, ಸರಾಸರಿ ಕೈಗೆಂದು ಮಾಡಿರುತ್ತಾರೆ. ಸಣ್ಣ ಕೈಯವರಿಗೆ ಹಿಡಿ ದಪ್ಪವೆನಿಸುತ್ತದೆ, ವಯಸ್ಸಾದವರಿಗೆ ಗುರಿ ಮಸುಕಾಗಿ ಕಾಣುತ್ತದೆ, ಬೆರಳಲ್ಲಿ ಶಕ್ತಿ ಕಡಿಮೆಯಿದ್ದರೆ ಟ್ರಿಗರ್ ಎಳೆಯುವುದೇ ಕಷ್ಟ. ಆಗ ‘ಸ್ವಲ್ಪ ಸರಿಮಾಡಿಸಿಕೊಂಡರೆ ಹೇಗೆ?’ ಎಂಬ ಯೋಚನೆ ಬರುವುದು ಸಹಜ.

ಆದರೆ ಚಪ್ಪಲಿಯನ್ನು ಸರಿಮಾಡಿಸಿದಂತೆ ಬಂದೂಕನ್ನು ಸರಿಮಾಡಿಸಲು ಆಗುವುದಿಲ್ಲ. ಕೆಲವು ಬದಲಾವಣೆಗಳು ನಿಜಕ್ಕೂ ಉಪಯುಕ್ತ. ಕೆಲವು ಬರಿಯ ಭ್ರಮೆ. ಇನ್ನು ಕೆಲವು ಪರವಾನಗಿ ಇರುವ ಮರ್ಯಾದಸ್ಥರನ್ನೂ ಜೈಲಿಗೆ ಕಳಿಸುವಂಥವು. ಯಾವುದು ಯಾವುದು ಎಂದು ಒಂದೊಂದಾಗಿ ನೋಡೋಣ.

ನಮ್ಮ ಕಡೆ ಬಂದೂಕು ಯಾರ ಬಳಿ ಇರುತ್ತದೆ?

ಮೈಸೂರು ಜಿಲ್ಲೆಯ ನಂಜನಗೂಡು ತಾಲ್ಲೂಕಿನ ಹೆಡಿಯಾಲದ ಕಡೆ ಬಂಡೀಪುರದ ಕಾಡು ಹೊಲಗಳಿಗೆ ಅಂಟಿಕೊಂಡೇ ಇದೆ. ಟಿ. ನರಸೀಪುರ ತಾಲ್ಲೂಕಿನಲ್ಲಿ ದೊಡ್ಡ ಕಾಡಿಲ್ಲದಿದ್ದರೂ ಕಬ್ಬಿನ ಗದ್ದೆ, ಕುರುಚಲು ಗುಡ್ಡಗಳಲ್ಲಿ ಚಿರತೆಗಳಿವೆ. ಇಂಥ ಊರುಗಳಲ್ಲಿ ‘ಲೈಸೆನ್ಸ್ ಬಂದೂಕು’ ಎಂದರೆ ಜನರಿಗೆ ಮೊದಲು ನೆನಪಾಗುವುದು ಬೆಳೆ ಕಾಯಲು ಇಟ್ಟುಕೊಂಡ ಒಂಟಿ ನಳಿಗೆ ಅಥವಾ ಜೋಡಿ ನಳಿಗೆಯ ಉದ್ದ ಬಂದೂಕು. ಆತ್ಮರಕ್ಷಣೆಗೆಂದು ಪಡೆಯುವ ರಿವಾಲ್ವರ್, ಪಿಸ್ತೂಲುಗಳ ವಿಚಾರ ಬೇರೆ. ಹಣದ ವ್ಯವಹಾರ ಇರುವವರು, ಒಂಟಿ ತೋಟದ ಮನೆಯವರು, ನಿವೃತ್ತ ಸೈನಿಕರು ಮುಂತಾದವರು ಇದಕ್ಕೆ ಅರ್ಜಿ ಹಾಕುತ್ತಾರೆ. ಎರಡೂ ತಾಲ್ಲೂಕುಗಳು ಮೈಸೂರು ನಗರ ಪೊಲೀಸ್ ಕಮಿಷನರೇಟಿನ ಹೊರಗಿರುವುದರಿಂದ ಪರವಾನಗಿ ಕೊಡುವವರು ಜಿಲ್ಲಾ ದಂಡಾಧಿಕಾರಿ, ಅಂದರೆ ಜಿಲ್ಲಾಧಿಕಾರಿ.

ನಾಗರಿಕರ ಕೈಯಲ್ಲಿ ಸಾಮಾನ್ಯವಾಗಿ ಕಾಣುವುದು ಭಾರತೀಯ ಕಾರ್ಖಾನೆಗಳಲ್ಲಿ ತಯಾರಾದ .32 ಬೋರಿನ ರಿವಾಲ್ವರ್ ಮತ್ತು ಪಿಸ್ತೂಲು. 9 ಎಂಎಂ ಪಿಸ್ತೂಲು ‘ನಿಷೇಧಿತ ಬೋರ್’ ಪಟ್ಟಿಯಲ್ಲಿದೆ. ಸಾಮಾನ್ಯ ಪರವಾನಗಿಯಲ್ಲಿ ಅದು ಸಿಗುವುದಿಲ್ಲ.

ಮೊದಲು ಕಾನೂನಿನ ಗೆರೆ ಎಲ್ಲಿದೆ ನೋಡಿ

ಪರವಾನಗಿ ಇರುವುದು ಬಂದೂಕನ್ನು ಇಟ್ಟುಕೊಳ್ಳಲು. ಅದನ್ನು ಬಿಚ್ಚಿ ಬದಲಾಯಿಸಲು ಅಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ತಯಾರಿಸುವುದು, ಮಾರುವುದು ಮಾತ್ರವಲ್ಲ, ಅದನ್ನು ರೂಪಾಂತರಿಸುವುದು ಮತ್ತು ರಿಪೇರಿ ಮಾಡುವುದಕ್ಕೂ ಪ್ರತ್ಯೇಕ ಪರವಾನಗಿ ಬೇಕು. ಆದ್ದರಿಂದ ಊರಿನ ಲೇತ್ ಅಂಗಡಿಯವರು ಎಷ್ಟೇ ಕೈಚಳಕದವರಾದರೂ ಈ ಕೆಲಸ ಅವರದಲ್ಲ. ಪರವಾನಗಿ ಇರುವ ಬಂದೂಕು ರಿಪೇರಿಯವರ ಬಳಿಗೇ ಹೋಗಬೇಕು.

6ನೇ ಸೆಕ್ಷನ್ ಇನ್ನೂ ಸ್ಪಷ್ಟ. ಪರವಾನಗಿಯಿಲ್ಲದೆ ನಳಿಗೆಯನ್ನು ಕತ್ತರಿಸಿ ಗಿಡ್ಡ ಮಾಡುವಂತಿಲ್ಲ, ಆಟಿಕೆ ಅಥವಾ ನಕಲಿ ಬಂದೂಕನ್ನು ಅಸಲಿಯಾಗಿ ಬದಲಿಸುವಂತಿಲ್ಲ. 2019ರ ತಿದ್ದುಪಡಿ ಇದಕ್ಕೆ ಇನ್ನೊಂದನ್ನು ಸೇರಿಸಿತು: ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಪರಿವರ್ತಿಸುವಂತಿಲ್ಲ. ಈ ಎರಡು ಸೆಕ್ಷನ್‌ಗಳನ್ನು ಮೀರಿದರೆ ಶಿಕ್ಷೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ, ಜೊತೆಗೆ ದಂಡ. ಬಂದೂಕಿನ ಮೇಲಿನ ನಂಬರ್ ಮತ್ತು ಗುರುತುಗಳನ್ನು ಉಜ್ಜುವುದು, ಅಳಿಸುವುದು ಕೂಡ ಅಪರಾಧ. ಹೊಳಪು ಬರಲೆಂದು ಪಾಲಿಶ್ ಮಾಡಿಸುವಾಗ ನಂಬರ್ ಸವೆದು ಹೋಗದಂತೆ ನೋಡಿಕೊಳ್ಳಬೇಕು. ಚುನಾವಣೆ ಬಂದಾಗ ಬಂದೂಕನ್ನು ಠಾಣೆಯಲ್ಲಿ ಠೇವಣಿ ಇಡುವ ಸಂದರ್ಭದಲ್ಲಿ ಹೊಂದಿಸಿ ನೋಡುವುದು ಈ ನಂಬರನ್ನೇ.

ಸೈಲೆನ್ಸರ್ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆಯಿದೆ. ‘ಅದೇನು ಬಂದೂಕೇ, ಬರಿ ಕೊಳವೆ ತಾನೇ’ ಎನ್ನುವವರಿದ್ದಾರೆ. ಆದರೆ ಸದ್ದು ಅಥವಾ ಬೆಂಕಿಯ ಮಿಂಚನ್ನು ಕಡಿಮೆ ಮಾಡುವ ಬಿಡಿಭಾಗವನ್ನೂ ಕಾಯ್ದೆ ‘ಬಂದೂಕು’ ಎಂಬ ವ್ಯಾಖ್ಯೆಯೊಳಗೇ ಸೇರಿಸಿದೆ.

ಹಿಡಿ: ನಿಜವಾಗಿ ಉಪಯೋಗವಾಗುವ ಬದಲಾವಣೆ

ಕೈಬಂದೂಕು ಕೈಗೆ ಹೊಂದುತ್ತದೆಯೇ ಎಂಬುದನ್ನು ತೀರ್ಮಾನಿಸುವುದು ಮುಖ್ಯವಾಗಿ ಒಂದು ಅಳತೆ. ಹಿಡಿಯ ಹಿಂಭಾಗದಿಂದ ಟ್ರಿಗರ್‌ವರೆಗಿನ ದೂರ. ಬಂದೂಕು ಮುಂದೋಳಿನ ನೇರದಲ್ಲಿ ಕುಳಿತಾಗ ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗ ಟ್ರಿಗರ್ ಮೇಲೆ ಬರಬೇಕು. ದೂರ ಹೆಚ್ಚಾದರೆ ಬೆರಳು ಮುಟ್ಟಲೆಂದು ಇಡೀ ಬಂದೂಕನ್ನು ಅಂಗೈಯಲ್ಲಿ ತಿರುಗಿಸಿ ಹಿಡಿಯಬೇಕಾಗುತ್ತದೆ. ಆಗ ಒದೆತ ಅಂಗೈಗೆ ಬೀಳದೆ ಹೆಬ್ಬೆರಳಿನ ಬುಡದ ಕೀಲಿಗೆ ಬೀಳುತ್ತದೆ, ಗುರಿಯೂ ಪಕ್ಕಕ್ಕೆ ಸರಿಯುತ್ತದೆ.

ರಿವಾಲ್ವರಿನ ಹಿಡಿಯ ಎರಡು ಪಕ್ಕದ ಪಟ್ಟಿಗಳು ಸ್ಕ್ರೂನಿಂದ ಕೂಡಿಸಿದವು. ಗುಂಡು ಹಾರುವ ಕ್ರಿಯೆಗೆ ಅವುಗಳ ಸಂಬಂಧವಿಲ್ಲ. ತೆಳುವಾದ ಅಥವಾ ದಪ್ಪನೆಯ, ಮರದ ಅಥವಾ ರಬ್ಬರಿನ ಪಟ್ಟಿಗಳನ್ನು ಪರವಾನಗಿ ಇರುವ ವ್ಯಾಪಾರಿಯಿಂದ ಹಾಕಿಸಿಕೊಂಡರೆ ಬಂದೂಕಿನ ಬೋರ್, ನಳಿಗೆಯ ಉದ್ದ, ನಂಬರ್ ಯಾವುದೂ ಬದಲಾಗುವುದಿಲ್ಲ. ಹಳೆಯ ಪಟ್ಟಿಗಳನ್ನು ಇಟ್ಟುಕೊಂಡರೆ ಮತ್ತೆ ಮೊದಲಿನಂತೆ ಮಾಡಿಸಲೂ ಸಾಧ್ಯ. ಹೀಗೆ ಹಿಂದಕ್ಕೆ ಮರಳಿಸಬಹುದಾದ ಬದಲಾವಣೆಯೇ ಸುರಕ್ಷಿತ ಬದಲಾವಣೆ.

ರಬ್ಬರ್ ಹಿಡಿ ಒದೆತವನ್ನು ಕಡಿಮೆ ಮಾಡುತ್ತದೆಯೇ? ಒದೆತದ ಒಟ್ಟು ಶಕ್ತಿ ಕಡಿಮೆಯಾಗುವುದಿಲ್ಲ. ಅದು ಹೆಚ್ಚು ಜಾಗಕ್ಕೆ ಹರಡಿ, ತುಸು ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. ಅದಕ್ಕೇ ನೋವು ಕಡಿಮೆ ಎನಿಸುತ್ತದೆ.

‘ಹಗುರವಾದಷ್ಟೂ ಆರಾಮ’ ಎಂಬುದು ನಿಜವೇ?

2014ರ ಜನವರಿಯಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ‘ನಿರ್ಭೀಕ್’ ಎಂಬ .32 ಬೋರಿನ ರಿವಾಲ್ವರನ್ನು ಹೊರತಂದಿತು. ಮಹಿಳೆಯರಿಗಾಗಿ ಎಂದು ಪ್ರಚಾರವಾದ ಇದರ ಮೈ ಟೈಟಾನಿಯಂ ಮಿಶ್ರಲೋಹದ್ದು, ತೂಕ ಸುಮಾರು 500 ಗ್ರಾಂ, ಆಗಿನ ಬೆಲೆ ಸುಮಾರು 1.22 ಲಕ್ಷ ರೂಪಾಯಿ. ಅದೇ ಬೋರಿನ ಹಳೆಯ ಮಾದರಿ ಸುಮಾರು 700 ಗ್ರಾಂ ತೂಗುತ್ತದೆ.

ಚೀಲದಲ್ಲಿ ಇಟ್ಟುಕೊಂಡು ಓಡಾಡಲು ಹಗುರವಾದದ್ದೇ ಸುಖ. ಆದರೆ ಗುಂಡು ಹಾರಿದಾಗ ಲೆಕ್ಕ ತಿರುಗುತ್ತದೆ. ಗುಂಡು ಮುಂದಕ್ಕೆ ಹೋಗುವಾಗ ಎಷ್ಟು ಸಂವೇಗ ಪಡೆಯುತ್ತದೋ ಬಂದೂಕು ಅಷ್ಟೇ ಸಂವೇಗವನ್ನು ಹಿಂದಕ್ಕೆ ಪಡೆಯುತ್ತದೆ. ಇದು ಶಾಲೆಯಲ್ಲಿ ಓದಿದ ನ್ಯೂಟನ್ನನ ಮೂರನೇ ನಿಯಮ. ಸಂವೇಗ ಅಷ್ಟೇ ಇದ್ದು ತೂಕ ಕಡಿಮೆಯಾದರೆ ಬಂದೂಕು ಹೆಚ್ಚು ವೇಗವಾಗಿ ಹಿಂದಕ್ಕೆ ಬರುತ್ತದೆ. ಅದೇ ಕಾಡತೂಸನ್ನು ಬಳಸಿದರೆ 700 ಗ್ರಾಂ ಬಂದೂಕಿಗಿಂತ 500 ಗ್ರಾಂ ಬಂದೂಕಿನ ಒದೆತದ ಶಕ್ತಿ ಸುಮಾರು ಶೇ. 40ರಷ್ಟು ಹೆಚ್ಚು. ಹಾಗಾಗಿ ‘ಹಗುರ ಬಂದೂಕು ದುರ್ಬಲ ಕೈಗೆ ಒಳ್ಳೆಯದು’ ಎಂಬುದು ಅರ್ಧ ಸತ್ಯ. ಹೊತ್ತು ತಿರುಗಲು ಹಗುರ, ಹಾರಿಸಲು ಭಾರ ಒಳ್ಳೆಯದು.

2023ರಲ್ಲಿ ಕಾನ್ಪುರದಿಂದಲೇ ಬಂದ ‘ಪ್ರಬಲ್’ ರಿವಾಲ್ವರಿನಲ್ಲಿ ಗುಂಡು ತುಂಬುವ ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ. ಹಳೆಯ ಮಾದರಿಗಳನ್ನು ನಡುವೆ ಮಡಚಿ ತೆರೆಯಬೇಕಿತ್ತು. ಇವುಗಳಲ್ಲಿ ಯಾವುದು ನಿಮ್ಮ ಕೈಗೆ ಸುಲಭ ಎಂದು ಕೊಳ್ಳುವ ಮುಂಚೆಯೇ ಹಿಡಿದು ನೋಡುವುದು, ಕೊಂಡ ಮೇಲೆ ಬದಲಿಸುವುದಕ್ಕಿಂತ ಮೇಲು.

ಗುರಿ ಮಸುಕಾದರೆ ಬಂದೂಕನ್ನಲ್ಲ, ಕನ್ನಡಕವನ್ನು ನೋಡಿ

ನಲವತ್ತು ದಾಟಿದವರಲ್ಲಿ ಕಣ್ಣಿನ ಮಸೂರ ಗಟ್ಟಿಯಾಗಿ ಹತ್ತಿರದ್ದು ಮಸುಕಾಗುತ್ತದೆ. ಕೈಬಂದೂಕಿನಲ್ಲಿ ಗುರಿ ಹಿಡಿಯುವಾಗ ಸ್ಪಷ್ಟವಾಗಿ ಕಾಣಬೇಕಾದದ್ದು ನಳಿಗೆಯ ತುದಿಯ ಸೈಟ್. ತೋಳು ಚಾಚಿದಾಗ ಅದು ಕಣ್ಣಿನಿಂದ ಸುಮಾರು 65–70 ಸೆಂ.ಮೀ. ದೂರದಲ್ಲಿರುತ್ತದೆ. ಓದುವ ಕನ್ನಡಕ ಸುಮಾರು 35–40 ಸೆಂ.ಮೀ. ದೂರಕ್ಕೆ, ದೂರದೃಷ್ಟಿಯ ಕನ್ನಡಕ ರಸ್ತೆ ನೋಡಲು. ಎರಡೂ ಇಲ್ಲಿ ಒದಗುವುದಿಲ್ಲ. ಕಂಪ್ಯೂಟರ್ ಮುಂದೆ ಕೂರುವವರಿಗೆ ಕೊಡುವಂಥ ನಡುವಣ ಅಳತೆಯ ಕನ್ನಡಕವೇ ಬೇಕು. ತೋಳಿನ ದೂರವನ್ನು ಟೇಪಿನಲ್ಲಿ ಅಳೆದು ಕಣ್ಣಿನ ವೈದ್ಯರಿಗೆ ಹೇಳಿದರೆ ಸಾಕು, ಬಂದೂಕನ್ನು ಆಸ್ಪತ್ರೆಗೆ ಒಯ್ಯಬೇಡಿ. ಸೈಟಿನ ತುದಿಗೆ ಬಿಳಿ ಅಥವಾ ಕಿತ್ತಳೆ ಬಣ್ಣದ ಸಣ್ಣ ಚುಕ್ಕೆ ಇಡಿಸುವುದೂ ಮಂದ ಬೆಳಕಿನಲ್ಲಿ ಸಹಾಯಕ.

ಟ್ರಿಗರ್: ಇಲ್ಲಿ ಕೈ ಹಾಕಬೇಡಿ

‘ಸ್ಪ್ರಿಂಗ್ ಸ್ವಲ್ಪ ಸಡಿಲ ಮಾಡಿಸಿದರೆ ಟ್ರಿಗರ್ ಬೆಣ್ಣೆಯಂತಾಗುತ್ತದೆ’ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಆದರೆ ರಿವಾಲ್ವರಿನ ಟ್ರಿಗರ್ ಬಿಗಿಯಾಗಿರುವುದು ಕಾರಣವಿದ್ದೇ. ಅದರಲ್ಲಿ ಪ್ರತ್ಯೇಕ ಸೇಫ್ಟಿ ಗುಂಡಿ ಸಾಮಾನ್ಯವಾಗಿ ಇರುವುದಿಲ್ಲ, ಆ ಬಿಗಿಯೇ ಒಂದು ರಕ್ಷಣೆ. ಹ್ಯಾಮರಿನ ಸ್ಪ್ರಿಂಗ್ ದುರ್ಬಲವಾದರೆ ಕಾಡತೂಸಿನ ಪ್ರೈಮರಿಗೆ ಬೀಳುವ ಏಟು ಸಾಲದೆ ಗುಂಡು ಹಾರದೇ ಹೋಗಬಹುದು. ಇನ್ನೊಂದು ಕಡೆ, ಹ್ಯಾಮರನ್ನು ಹಿಡಿದಿಡುವ ಅಂಚನ್ನು ಉಜ್ಜಿದರೆ ಬಂದೂಕು ಕೆಳಗೆ ಬಿದ್ದಾಗಲೇ ಹಾರಿಬಿಡಬಹುದು. ಹಾರಬೇಕಾದಾಗ ಹಾರದ, ಹಾರಬಾರದಾಗ ಹಾರುವ ಬಂದೂಕು ಮನೆಯವರಿಗೇ ಅಪಾಯ. ಬೆರಳಿಗೆ ಶಕ್ತಿ ಸಾಲದಿದ್ದರೆ ತರಬೇತಿ, ಬೆರಳಿನ ವ್ಯಾಯಾಮ ಅಥವಾ ಬೇರೆ ಮಾದರಿ. ದಾರಿ ಇವಿಷ್ಟೇ.

‘.32 ಅಂದರೆ .32 ತಾನೇ?’

ಅಲ್ಲ. ರಿವಾಲ್ವರಿನ .32 ಕಾಡತೂಸು ಉದ್ದನೆಯದು, ಪಿಸ್ತೂಲಿನ .32 ಗಿಡ್ಡದು. ಹೆಸರು ಒಂದೇ, ಒಳಗಿನ ಒತ್ತಡ ಬೇರೆ. ಅಮೆರಿಕದ ಮಾನದಂಡದಲ್ಲಿ ಮೊದಲನೆಯದರ ಗರಿಷ್ಠ ಒತ್ತಡ ಚದರ ಇಂಚಿಗೆ 15,000 ಪೌಂಡ್, ಎರಡನೆಯದರದ್ದು 20,500 ಪೌಂಡ್. ಪಿಸ್ತೂಲಿನ ಕಾಡತೂಸು ಕೆಲವು ರಿವಾಲ್ವರುಗಳಲ್ಲಿ ತೂರಿಬಿಡುತ್ತದೆ ಎಂಬ ಕಾರಣಕ್ಕೆ ಹಾಕಿ ಹಾರಿಸುವುದು ಹಳೆಯ ಕುಕ್ಕರಿಗೆ ಹೆಚ್ಚು ಒತ್ತಡ ಕೊಟ್ಟಂತೆ. ಬಂದೂಕಿನ ಜೊತೆ ಬಂದ ಪುಸ್ತಕದಲ್ಲಿ ಹೇಳಿದ ಕಾಡತೂಸನ್ನು ಬಿಟ್ಟು ಬೇರೇನೂ ಹಾಕಬಾರದು.

ಕಿವಿ ಮತ್ತು ತುಕ್ಕು: ಯಾರೂ ನೆನಪಿಸದ ಎರಡು ಸಂಗತಿ

ಕೈಬಂದೂಕಿನ ಸದ್ದು 140 ಡೆಸಿಬಲ್ ಮೀರುತ್ತದೆ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅನುಮತಿ ಇರುವ ಶೂಟಿಂಗ್ ರೇಂಜಿನಲ್ಲಿ ಅಭ್ಯಾಸ ಮಾಡುವಾಗ ಕಿವಿಗೆ ರಕ್ಷಣೆ ಇರಲೇಬೇಕು.

ಕಪಿಲಾ, ಕಾವೇರಿ ದಂಡೆಯ ಗದ್ದೆಬಯಲಿನಲ್ಲಿ ಮಳೆಗಾಲದ ತೇವ ಹೆಚ್ಚು. ಚರ್ಮದ ಚೀಲ ಒಯ್ಯಲು ಚೆನ್ನ, ಆದರೆ ತಿಂಗಳುಗಟ್ಟಲೆ ಅದರಲ್ಲೇ ಇಟ್ಟರೆ ಚರ್ಮ ತೇವ ಹಿಡಿದು ತುಕ್ಕು ಹತ್ತುತ್ತದೆ. ತೆಳುವಾಗಿ ಎಣ್ಣೆ ಸವರಿ, ಖಾಲಿ ಮಾಡಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ. ಕಾಡತೂಸುಗಳಿಗೆ ಬೇರೆ ಬೀಗ ಇರಲಿ.

ಚಿರತೆ ಬಂದರೆ ರಿವಾಲ್ವರ್ ಕಾಪಾಡುತ್ತದೆಯೇ?

2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ಟಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಬಲಿಯಾದರು. ಅಂಥ ಭಯದ ದಿನಗಳಲ್ಲಿ ‘ಮನೆಯಲ್ಲಿ ಒಂದು ಬಂದೂಕಿರಲಿ, ಅದನ್ನು ಇನ್ನಷ್ಟು ಬಲ ಮಾಡಿಸೋಣ’ ಎನಿಸುವುದು ಅರ್ಥವಾಗುತ್ತದೆ. ಆದರೆ ಚಿರತೆ ಸಾಮಾನ್ಯವಾಗಿ ಮಬ್ಬಿನಲ್ಲಿ, ಹೊಂಚು ಹಾಕಿ, ಹಿಂದಿನಿಂದ ಎರಗುತ್ತದೆ. ಕೈಬಂದೂಕು ತೆಗೆಯುವಷ್ಟು ಸಮಯವೇ ಸಿಗುವುದಿಲ್ಲ. .32 ಬೋರಿನ ಗುಂಡಿನಿಂದ ಗಾಯಗೊಂಡ ಚಿರತೆ ಗಾಯವಿಲ್ಲದ ಚಿರತೆಗಿಂತ ಅಪಾಯಕಾರಿ.

ವನ್ಯಜೀವಿ ಕಾಯ್ದೆಯ ಪ್ರಕಾರ ಜೀವ ಉಳಿಸಿಕೊಳ್ಳಲು ಸದುದ್ದೇಶದಿಂದ ಪ್ರಾಣಿಯನ್ನು ಕೊಂದರೆ ಅಪರಾಧವಲ್ಲ. ಆದರೆ ಹುಡುಕಿಕೊಂಡು ಹೋಗಿ ಚಿರತೆಯನ್ನು ಹೊಡೆದರೆ 3ರಿಂದ 7 ವರ್ಷ ಜೈಲು. ಅದೇ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಅಭಯಾರಣ್ಯ ಅಥವಾ ರಾಷ್ಟ್ರೀಯ ಉದ್ಯಾನದಿಂದ 10 ಕಿ.ಮೀ. ಒಳಗಿನ ಬಂದೂಕುದಾರರು ಅರಣ್ಯ ಇಲಾಖೆಯಲ್ಲೂ ನೋಂದಾಯಿಸಿಕೊಳ್ಳಬೇಕು. ಬಂಡೀಪುರದ ಅಂಚಿನ ನಂಜನಗೂಡು ತಾಲ್ಲೂಕಿನ ಹಳ್ಳಿಗಳವರು ಇದನ್ನು ಗಮನಿಸಬೇಕು. ಚಿರತೆ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಸಂಜೆ ಕಬ್ಬಿನ ಗದ್ದೆಯ ಬದಿಯಲ್ಲಿ ಒಬ್ಬರೇ ಓಡಾಡದಿರುವುದು, ಮನೆಯ ಸುತ್ತ ಬೆಳಕು ಇಡುವುದು ಯಾವ ಬಂದೂಕಿಗಿಂತಲೂ ಹೆಚ್ಚು ಜೀವ ಉಳಿಸುತ್ತವೆ.

ಒಟ್ಟಿನಲ್ಲಿ

ಹಿಡಿಯ ಪಟ್ಟಿ, ಸೈಟಿನ ಮೇಲಿನ ಬಣ್ಣ, ಕನ್ನಡಕ, ಕಿವಿಯ ರಕ್ಷಣೆ, ಬೀಗದ ಪೆಟ್ಟಿಗೆ: ಇವು ಮಾಡಿಸಿಕೊಳ್ಳಬಹುದಾದವು. ನಳಿಗೆ, ಬೋರ್, ಟ್ರಿಗರಿನ ಒಳಭಾಗ, ನಂಬರ್, ಸೈಲೆನ್ಸರ್: ಇವು ಮುಟ್ಟಬಾರದವು. ಯಾವುದೇ ಕೆಲಸ ಮಾಡಿಸುವ ಮುನ್ನ ನಿಮ್ಮನ್ನು ನೀವೇ ಕೇಳಿಕೊಳ್ಳಿ: ‘ಇದಾದ ಮೇಲೂ ನನ್ನ ಬಂದೂಕು ಪರವಾನಗಿ ಪುಸ್ತಕದಲ್ಲಿ ಬರೆದಿರುವ ಬಂದೂಕಾಗಿಯೇ ಉಳಿಯುತ್ತದೆಯೇ?’ ಹೌದು ಎಂದು ಖಚಿತವಾಗಿ ಹೇಳಲಾಗದಿದ್ದರೆ ಆ ಕೆಲಸ ಬೇಡ.