ಒಂದು ಹೆಸರು, ಮೂರು ಟಿಕ್

ಬಿ.ಸಿ.ರೋಡ್ ಗೊತ್ತಲ್ಲ? ಧರ್ಮಸ್ಥಳದ ಬಸ್ಸು, ಪುತ್ತೂರಿನ ಬಸ್ಸು, ವಿಟ್ಲದ ಬಸ್ಸು, ಎಲ್ಲವೂ ಬಂದು ಸೇರುವ ಜಾಗ. ಕೆಲವು ವರ್ಷಗಳ ಹಿಂದೆ ನಾನು ಬರೆದ ಒಂದು ಪ್ರೋಗ್ರಾಂ ಪ್ರಕಾರ ಅಲ್ಲಿಗೆ ಬರಲು ಹೆಚ್ಚುಕಮ್ಮಿ ಯಾರಿಗೂ ಮನಸ್ಸಿರಲಿಲ್ಲ!

ಆದದ್ದು ಇಷ್ಟು. ನಮ್ಮ ಕಡೆಯ ಒಂದು ಸಂಸ್ಥೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಕಡೆ ಕಂಪ್ಯೂಟರ್ ತರಬೇತಿ ನಡೆಸುತ್ತಿತ್ತು. ಅರ್ಜಿ ಆನ್‌ಲೈನ್. "ನಿಮಗೆ ಹೋಗಿಬರಲು ಆಗುವ ಕೇಂದ್ರಗಳಿಗೆಲ್ಲ ಟಿಕ್ ಹಾಕಿ" ಎಂದು ಒಂದು ಪ್ರಶ್ನೆ, ಕೆಳಗೆ ಇದೇ ಕ್ರಮದಲ್ಲಿ ಮೂರು ಚೌಕ. ಹಿಂದೆ ಕೆಲಸ ಮಾಡುತ್ತಿದ್ದದ್ದು ಯಾವ ಕಾಲದ್ದೋ ಒಂದು ಪರ್ಲ್ ಪ್ರೋಗ್ರಾಂ. ಸರ್ವರ್ ಹೊಸದಾದ ದಿನ ಅದು ನಿಂತುಹೋಯಿತು. ಸಿಜಿಐ.ಪಿಎಂ ಎಂಬ ಲೈಬ್ರರಿ ಸಿಗುತ್ತಿಲ್ಲ ಎಂದು ದೂರು. ಆ ಲೈಬ್ರರಿಯನ್ನು ಬೇರೆಯಾಗಿ ತಂದು ಹಾಕಬಹುದಿತ್ತು. ಹಳತಕ್ಕೆ ತೇಪೆ ಯಾಕೆ, ಹೊಸ ಲೈಬ್ರರಿಗೇ ಹೋಗುವ ಅಂತ ನಾನೇ ಹೇಳಿದೆ. ಎರಡು ದಿನದಲ್ಲಿ ಮುಗಿಸಿಯೂ ಬಿಟ್ಟೆ.

ತಿಂಗಳ ಮೇಲೆ ಕಚೇರಿಯಿಂದ ಫೋನು. "ಬಂಟ್ವಾಳಕ್ಕೆ ಜನವೇ ಇಲ್ಲ ಮಾರಾಯ್ರೆ, ಬ್ಯಾಚ್ ಕ್ಯಾನ್ಸಲ್ ಮಾಡಿದೆವು. ಮೂಡುಬಿದಿರೆಗೆ ಮಾತ್ರ ಕಾಲಿಡಲು ಜಾಗ ಇಲ್ಲ. ಎಂತ ಕತೆ ಇದು?"

ಎಂತ ಕತೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು, 1993ಕ್ಕೆ.

ಆಗ ವೆಬ್ ಅಂದರೆ ಓದುವ ಪುಟ ಮಾತ್ರ. ಓದುಗ ತಿರುಗಿ ಏನಾದರೂ ಬರೆದು ಕಳಿಸಬೇಕಾದರೆ ಅದನ್ನು ತೆಗೆದುಕೊಳ್ಳುವ ಪ್ರೋಗ್ರಾಂ ಒಂದು ಸರ್ವರಿನಲ್ಲಿ ಬೇಕು. ಸರ್ವರಿಗೂ ಪ್ರೋಗ್ರಾಂಗೂ ಮಾತುಕತೆ ಹೇಗೆ ಅನ್ನುವ ಕಟ್ಟಳೆಗೆ ಸಿಜಿಐ ಎಂದು ಹೆಸರಾಯಿತು. ಲ್ಯಾರಿ ವಾಲ್ 1987ರಲ್ಲಿ ಹೊರತಂದಿದ್ದ ಪರ್ಲ್ ಭಾಷೆ ಅಕ್ಷರ ಕತ್ತರಿಸಿ ಜೋಡಿಸುವುದರಲ್ಲಿ ಪಳಗಿದ ಕೈ. ಹಾಗಾಗಿ ಫಾರ್ಮಿನ ಕೆಲಸ ಅದರ ಪಾಲಿಗೆ ಬಂತು.

ಮೊದಲು ಹೆಸರಾದ ಲೈಬ್ರರಿ ಸ್ಟೀವನ್ ಬ್ರೆನ್ನರ್ ಬರೆದ ಸಿಜಿಐ-ಲಿಬ್.ಪಿಎಲ್. ಅದಾದ ಮೇಲೆ 1995ರಲ್ಲಿ ಲಿಂಕನ್ ಸ್ಟೈನ್ ಬರೆದ ಸಿಜಿಐ.ಪಿಎಂ ಬಂತು. ತಮಾಷೆ ನೋಡಿ, ಇಬ್ಬರೂ ಜೀವವಿಜ್ಞಾನದ ಮಂದಿ. ಸ್ಟೈನ್ ಅಂತೂ ಮನುಷ್ಯನ ವಂಶವಾಹಿಯ ನಕ್ಷೆ ತಯಾರಿಸುವ ಕೆಲಸದಲ್ಲಿದ್ದವರು.

ಈಗ ಮೂರು ಟಿಕ್ಕಿನ ವಿಷಯ. ಮೂರು ಚೌಕಕ್ಕೂ ಇರುವುದು ಒಂದೇ ಹೆಸರು, 'ಕೇಂದ್ರ'. ಮೂರಕ್ಕೂ ಟಿಕ್ ಹಾಕಿದರೆ ಬ್ರೌಸರ್ ಮೂರು ಸಲ ಹೇಳುತ್ತದೆ: ಕೇಂದ್ರ ಬಂಟ್ವಾಳ, ಕೇಂದ್ರ ಬೆಳ್ತಂಗಡಿ, ಕೇಂದ್ರ ಮೂಡುಬಿದಿರೆ. ಒಂದು ಹೆಸರಿಗೆ ಮೂರು ಉತ್ತರ ಬಂದರೆ ಎಂತ ಮಾಡುವುದು? ಬ್ರೆನ್ನರ್ ಅವರ ಲೈಬ್ರರಿ ಮೂರನ್ನೂ ಒಂದೇ ಸಾಲಾಗಿ ಹೊಲಿಯುತ್ತಿತ್ತು, ನಡುನಡುವೆ ಕಣ್ಣಿಗೆ ಕಾಣದ ಒಂದು ಶೂನ್ಯಾಕ್ಷರ ಇಟ್ಟು. ಬೇಕಾದವರು ಬಿಡಿಸಿಕೊಳ್ಳಲಿ ಅಂತ. ಸ್ಟೈನ್ ಬೇರೆ ದಾರಿ ಹಿಡಿದರು. ಅವರ ಲೈಬ್ರರಿಯಲ್ಲಿ 'ಪ್ಯಾರಮ್' ಎಂದು ಕೇಳಿದರೆ, ಪಟ್ಟಿ ಬೇಕೆಂದವರಿಗೆ ಮೂರೂ ಸಿಗುತ್ತದೆ, ಒಂದೇ ಸಾಕೆಂದವರಿಗೆ ಮೊದಲನೆಯದ್ದು. ಕೇಳುವ ಭಂಗಿ ನೋಡಿ ಉತ್ತರ ಕೊಡುವುದು ಪರ್ಲ್‌ನ ಹುಟ್ಟುಗುಣ.

ಸ್ಟೈನ್ ಇನ್ನೊಂದು ಒಳ್ಳೆಯ ಕೆಲಸ ಮಾಡಿದ್ದರು. ಹಳೆ ಲೈಬ್ರರಿಯ 'ರೀಡ್‌ಪಾರ್ಸ್' ಎಂಬ ಹೆಸರನ್ನೇ ತಮ್ಮದರಲ್ಲೂ ಇಟ್ಟರು. ಹಳೆ ಪ್ರೋಗ್ರಾಂನ ಮೇಲಿನ ಸಾಲು ಬದಲಿಸಿದರೆ ಆಯಿತು, ಶೂನ್ಯಾಕ್ಷರದ ಹೊಲಿಗೆಯೂ ಮೊದಲಿನಂತೆಯೇ ಸಿಗುತ್ತಿತ್ತು. ಹೊಸಮನೆಗೆ ಹೋಗುವವರಿಗೆ ಅಡ್ಡಹೊಳೆಗೆ ಸಂಕ ಹಾಕಿಕೊಟ್ಟ ಹಾಗೆ. 1997ರಲ್ಲಿ ಪರ್ಲ್ 5.004 ಬಂದಾಗ ಸಿಜಿಐ.ಪಿಎಂ ಅದರ ಜತೆಗೇ ಬಂತು. ಆಮೇಲೆ ಲೋಕದ ತುಂಬಾ ಅದೇ.

ಕೇಳುವ ಭಂಗಿ ನೋಡಿ ಉತ್ತರ ಕೊಡುವ ಆ ಗುಣದ ಅಪಾಯ ಎಲ್ಲರ ಕಣ್ಣಿಗೂ ರಾಚಿದ್ದು 2014ರ ಅಕ್ಟೋಬರಿನಲ್ಲಿ. ಸಾಫ್ಟ್‌ವೇರ್ ದೋಷಗಳ ಲೆಕ್ಕ ಇಡುವ ಬಗ್‌ಜಿಲ್ಲಾ ಕೂಡ ಪರ್ಲ್‌ನದೇ. ಅಲ್ಲಿ ಹೊಸ ಖಾತೆ ತೆರೆಯುವಾಗ ನಿಮ್ಮ ಹೆಸರು ಒಂದೇ ಎಂದು ಪ್ರೋಗ್ರಾಂ ನಂಬಿತ್ತು. ಆದರೆ ಕೇಳಿದ್ದು ಪಟ್ಟಿಯ ಭಂಗಿಯಲ್ಲಿ. ಯಾರಾದರೂ ಬೇಕೆಂದೇ ಹೆಸರಿನ ಜಾಗದಲ್ಲಿ ಮೂರು ಉತ್ತರ ಕಳಿಸಿದರೆ ಹೆಚ್ಚಿನವು ಪಕ್ಕದ ಜಾಗಕ್ಕೆ ಜಾರುತ್ತಿದ್ದವು. ಬಸ್ಸಿನಲ್ಲಿ ಒಂದು ಟಿಕೆಟಿಗೆ ಮೂವರು ಕೂತು ಪಕ್ಕದವರ ಸೀಟು ಹಿಡಿದ ಹಾಗೆ. ಹಾಗೆ ಜಾರಿ ಹೋಗಿ, ಪರಿಶೀಲನೆಯಾದ ಇಮೇಲ್ ವಿಳಾಸದ ಜಾಗದಲ್ಲಿ ಬೇರೆಯವರ ವಿಳಾಸ ಕೂರಿಸಿ ಖಾತೆ ತೆರೆಯಬಹುದಿತ್ತು. ಚೆಕ್ ಪಾಯಿಂಟ್ ಸಂಸ್ಥೆಯವರು ಇದನ್ನು ಕಂಡುಹಿಡಿದರು, ಬಗ್‌ಜಿಲ್ಲಾದವರು ಕೂಡಲೇ ಸರಿಮಾಡಿದರು. ಅದೇ ತಿಂಗಳು ಸಿಜಿಐ.ಪಿಎಂ ಕೂಡ ಪಟ್ಟಿಯ ಭಂಗಿಯಲ್ಲಿ 'ಪ್ಯಾರಮ್' ಕೇಳಿದವರನ್ನು ಎಚ್ಚರಿಸತೊಡಗಿತು. ಎಲ್ಲವೂ ಬೇಕಿದ್ದರೆ 'ಮಲ್ಟಿ_ಪ್ಯಾರಮ್' ಎಂದು ಬಾಯಿಬಿಟ್ಟು ಕೇಳಿ ಎಂದಿತು. ಪರ್ಲ್‌ನವರು ಸಿಜಿಐ.ಪಿಎಂ ಅನ್ನು ಜತೆಯಿಂದ ಕೈಬಿಡುವ ತೀರ್ಮಾನ ಅದಕ್ಕಿಂತ ಮೊದಲೇ ಮಾಡಿಯಾಗಿತ್ತು. 2015ರ 5.22ರಲ್ಲಿ ಅದು ಹೋಯಿತು.

ನಾನು ಹೋದ ಹೊಸಮನೆ ಸೆಬಾಸ್ಟಿಯನ್ ರೀಡೆಲ್ ಶುರುಮಾಡಿದ ಮೋಜೊಲಿಷಿಯಸ್. ಅಚ್ಚುಕಟ್ಟಾದ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಅಲ್ಲಿಯೂ 'ಪ್ಯಾರಮ್' ಎಂದೇ ಹೆಸರು. ಆದರೆ ಅದು ಯಾವ ಭಂಗಿಯಲ್ಲಿ ಕೇಳಿದರೂ ಒಂದೇ ಉತ್ತರ ಕೊಡುತ್ತದೆ, ಅದೂ ಕೊನೆಯದ್ದು! ಎಲ್ಲ ಬೇಕಾದರೆ 'ಎವೆರಿ_ಪ್ಯಾರಮ್' ಎನ್ನಬೇಕು. ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಹೆಸರು ಅದೇ ಉಂಟಲ್ಲ ಅಂತ ನಾನು ಓದಲಿಲ್ಲ. ತುಳುವಿನಲ್ಲಿ 'ಎಲ್ಲೆ' ಅಂದರೆ ನಾಳೆ, ಕನ್ನಡದಲ್ಲಿ ಗಡಿ. ಗೊತ್ತಿಲ್ಲದ ಶಬ್ದವಾದರೆ ಅರ್ಥ ಕೇಳುತ್ತೇವೆ. ಗೊತ್ತಿದೆ ಅಂದುಕೊಂಡ ಶಬ್ದವೇ ಗುಂಡಿಗೆ ಹಾಕುವುದು.

ಹಾಗೆ, ಮೂರಕ್ಕೂ ಟಿಕ್ ಹಾಕಿದವರೆಲ್ಲ ಪಟ್ಟಿಯ ಕೊನೆಯಲ್ಲಿದ್ದ ಮೂಡುಬಿದಿರೆಗೆ ಹೋದರು. ಬಂಟ್ವಾಳ ಬೆಳ್ತಂಗಡಿ ಎರಡೂ ಆಗುತ್ತದೆ ಎಂದವರು ಬೆಳ್ತಂಗಡಿಗೆ. ಬಂಟ್ವಾಳಕ್ಕೆ ಉಳಿದವರು ಬೇರೆಲ್ಲಿಗೂ ಹೋಗಲಾಗದವರು ಮಾತ್ರ. ಅಂದರೆ ಯಾರಿಗೆ ಆ ಬ್ಯಾಚ್ ಎಲ್ಲರಿಗಿಂತ ಹೆಚ್ಚು ಬೇಕಿತ್ತೋ ಅವರ ಬ್ಯಾಚೇ ರದ್ದಾಯಿತು. ಅವರಲ್ಲಿ ಬೀಡಿ ಕಟ್ಟುವ ಒಬ್ಬರು ಇದ್ದರು. ಬ್ರಾಂಚಿಗೆ ಬೀಡಿ ಕೊಟ್ಟು ಹಾಗೇ ಕ್ಲಾಸಿಗೆ ಬರುತ್ತೇನೆ ಎಂದು ಅರ್ಜಿಯ ಕೊನೆಯಲ್ಲಿ ಬರೆದಿದ್ದರು. ಪ್ರೋಗ್ರಾಂ ಎಲ್ಲಿಯೂ ತಪ್ಪು ಎಂದು ಕೂಗಲಿಲ್ಲ. ನಿಂತುಹೋಗಿದ್ದರೆ ಆ ದಿನವೇ ಗೊತ್ತಾಗುತ್ತಿತ್ತು. ಇದು ಓಡಿತು, ಓಡುತ್ತಾ ಸುಳ್ಳು ಹೇಳಿತು.

ಸರಿಮಾಡಲು ಬದಲಿಸಿದ್ದು ಒಂದೇ ಶಬ್ದ. ಹೋದ ಟಿಕ್‌ಗಳು ಮಾತ್ರ ಎಲ್ಲಿಯೂ ಉಳಿದಿರಲಿಲ್ಲ. ಅರ್ಜಿ ಹಾಕಿದ ಒಬ್ಬೊಬ್ಬರಿಗೂ ಫೋನ್ ಮಾಡಿ, ನೀವು ಎಲ್ಲೆಲ್ಲಿಗೆ ಟಿಕ್ ಹಾಕಿದ್ದಿರಿ ಎಂದು ಕೇಳಬೇಕಾಯಿತು.

ಫೋನುಗಳ ನಡುವೆ ನೆನಪಾದದ್ದು ಮೂಡುಬಿದಿರೆಯ ಗುರುಬಸದಿ. ಹಳಗನ್ನಡ ಲಿಪಿಯಲ್ಲಿ ಬರೆದ ಧವಲಾ ಗ್ರಂಥದ ಓಲೆಗಳನ್ನು ಶತಮಾನಗಟ್ಟಲೆ ಕಾಪಾಡಿದ್ದು ಅಲ್ಲಿ. ಅದು ನಾಗರಿ ಲಿಪಿಗೆ ಹೋಗಿ, ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ನಕಲುಗಳನ್ನು ಇಟ್ಟುಕೊಂಡು ಶುರುವಾದ ಕೆಲಸ ಅದು. ಮುಂದೆ ಮೂಡುಬಿದಿರೆಯ ಓಲೆಯೊಂದಿಗೆ ಪಾಠವನ್ನು ತಾಳೆ ನೋಡಿದರು. ನಕಲು ಕೈಯಲ್ಲಿದೆ, ಇನ್ನು ಓಲೆ ಯಾಕೆ ಅಂತ ಯಾರೂ ಬಿಸಾಡಲಿಲ್ಲ. ನಾನು ಹೊಸತು ಓಡಿದ ಸಂಜೆಯೇ ಹಳತನ್ನು ಅಳಿಸಿದ್ದೆ.

ಈಗ ಹಾಗೆ ಮಾಡುವುದಿಲ್ಲ. ಹಳೆಯದನ್ನು ಒಂದು ಪಕ್ಕ ಓಡಲು ಬಿಡುತ್ತೇನೆ. ಒಂದು ಟಿಕ್, ಎರಡು ಟಿಕ್, ಮೂರು ಟಿಕ್, ಒಂದೂ ಇಲ್ಲ, ಹೀಗೆ ಅದೇ ಅರ್ಜಿಯನ್ನು ಎರಡಕ್ಕೂ ಕೊಟ್ಟು ಉತ್ತರ ತಾಳೆಯಾಗುತ್ತದೋ ನೋಡುತ್ತೇನೆ. ಅರ್ಧ ದಿನದ ಕೆಲಸ.

ಬಂಟ್ವಾಳದ ಬ್ಯಾಚ್ ತಡವಾಗಿ ಶುರುವಾಯಿತು, ಸುಮಾರು ಮಂದಿ ಬಂದರು. ಆ ಬೀಡಿ ಕಟ್ಟುವವರ ಮನೆಯಲ್ಲಿ ಫೋನ್ ಎತ್ತಿದ್ದು ಅವರ ಅಣ್ಣ. "ಆಗ ಇಲ್ಲ ಅಂದಿರಲ್ಲ ಸಾರ್, ಈಗ ಅವಳು ಬೇಡ ಅಂತಾಳೆ" ಎಂದರು. ಲೈಬ್ರರಿಯ ಮೇಲೆ ತಪ್ಪು ಹೊರಿಸಲು ನನಗೆ ಬಾಯಿ ಬರಲಿಲ್ಲ.